40 ಅಡಿಯ ಕಾರ್ಬನ್ ಫೈಬರ್ ಪೋಲ್: ಕೊಳ್ಳುವ ಮೊದಲು ಕ್ಲಾಂಪ್ ನೋಡಿ

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕಿಟಕಿ ಗಾಜು ತೊಳೆಯುವ ಗುತ್ತಿಗೆ ನಮ್ಮದು. ಏಣಿ ಹತ್ತದೆ ನೆಲದಲ್ಲೇ ನಿಂತು ಮೂರನೆಯ ಮಹಡಿಯವರೆಗೆ ತೊಳೆಯಲು, ತುದಿಯ ಬ್ರಷ್‌ಗೆ ನೀರು ಹರಿಸುವ ಈ ವಾಟರ್‌ಫೆಡ್ ಪೋಲನ್ನು ಕೊಂಡು ಬಹಳ ಕಾಲದಿಂದ ಬಳಸುತ್ತಿದ್ದೇವೆ.

ತೂಕಕ್ಕಿಂತ ಹೆಚ್ಚಾಗಿ ನನ್ನ ಮನಸ್ಸು ಗೆದ್ದದ್ದು ಇದರ ಬಿಗಿ. ಹಳೆಯ ಗ್ಲಾಸ್ ಫೈಬರ್ ಪೋಲನ್ನು ಪೂರ್ತಿ ಎತ್ತಿದರೆ ನಡುವೆ ಬಳುಕುತ್ತಿತ್ತು. ಕೆಳಗೆ ಕೈ ಸರಿದು ಎಷ್ಟೋ ಹೊತ್ತಿಗೆ ಮೇಲೆ ಬ್ರಷ್ ಸರಿಯುತ್ತಿತ್ತು. ಇದರಲ್ಲಿ ಕೈಯಾಡಿದಂತೆಯೇ ಬ್ರಷ್ ಆಡುತ್ತದೆ.

ಬೆಳಿಗ್ಗೆ ಮೊದಲ ಕೆಲಸ ನೀರಿನ ಪರೀಕ್ಷೆ. ಇಲ್ಲಿನ ಬೋರ್‌ವೆಲ್ ನೀರು ಗಡುಸು. ಅದರಲ್ಲಿ ಕರಗಿದ ಲವಣಗಳೇ ಒಣಗಿದ ಗಾಜಿನ ಮೇಲೆ ಬಿಳಿ ಕಲೆಯಾಗಿ ಉಳಿಯುತ್ತವೆ. ಆದ್ದರಿಂದ ಆರ್‌ಒ ಶೋಧಕವನ್ನೂ ಉಳಿದ ಲವಣ ಹೀರುವ ರೆಸಿನ್ ಅನ್ನೂ ದಾಟಿ ಬಂದ ನೀರನ್ನು ಲೋಟದಲ್ಲಿ ಹಿಡಿದು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 10 ಪಿಪಿಎಮ್‌ಗಿಂತ (ಹತ್ತು ಲಕ್ಷ ಭಾಗಕ್ಕೆ 10 ಭಾಗ) ಕಡಿಮೆ ತೋರಿಸಿದ ಮೇಲೆಯೇ ಪೈಪು ಜೋಡಿಸುತ್ತೇವೆ. ಮೊದಲು ಚೌಕಟ್ಟಿನ ಧೂಳು, ಆಮೇಲೆ ಗಾಜು, ಕೊನೆಗೆ ಮೇಲಿನಿಂದ ಬರಿಯ ನೀರು. ಒರೆಸದೆಯೇ ಗಾಜು ನಿಚ್ಚಳವಾಗಿ ಒಣಗುವುದನ್ನು ನೋಡುವ ಸಂತೋಷ ಇಂದಿಗೂ ಕಡಿಮೆಯಾಗಿಲ್ಲ.

ಬೇಸರವೆಲ್ಲ ಕ್ಲಾಂಪ್‌ಗಳದ್ದು, ಅಂದರೆ ಒಂದರೊಳಗೊಂದು ಸೇರುವ ಪೋಲಿನ ಕೊಳವೆಗಳನ್ನು ಜಾರದಂತೆ ಹಿಡಿಯುವ ಬಿಗಿಪಟ್ಟಿಗಳದ್ದು. ಕಟ್ಟಡ ಕೆಲಸ ನಡೆಯುವ ಕಡೆಯ ಸಣ್ಣ ಮರಳು ಕೊಳವೆಗಳ ಸಂದಿಗೆ ಸೇರಿ, ಪ್ಲಾಸ್ಟಿಕ್ ಕ್ಲಾಂಪ್‌ಗಳು ಸವೆದು, ಬ್ರಷ್ ಒತ್ತಿದ ಕೂಡಲೇ ಮೇಲಿನ ಕೊಳವೆ ಕೆಳಗಿನದರೊಳಗೆ ಜಾರತೊಡಗಿತು. ಬಿಗಿಗೊಳಿಸಲು ಸ್ಕ್ರೂ ಇಲ್ಲ. ಕ್ಲಾಂಪ್ ಬಿಡಿಯಾಗಿ ಸಿಗುವುದಿಲ್ಲ, ಇಡೀ ಕೊಳವೆಯನ್ನೇ ಕೊಳ್ಳಬೇಕೆಂದು ಮಾರಿದವರು ಹೇಳಿದರು. ಇಷ್ಟು ಬೆಲೆಯ ಸಲಕರಣೆಯಲ್ಲಿ ಇದನ್ನು ಒಪ್ಪಲು ನನ್ನಿಂದ ಸಾಧ್ಯವಿಲ್ಲ. ಈಗ ಪ್ರತಿ ಸಂಜೆ ಪೋಲನ್ನು ಬಿಚ್ಚಿ, ಒಂದೊಂದು ಕೊಳವೆಯನ್ನೂ ತೊಳೆದು, ಒದ್ದೆ ಬಟ್ಟೆಯಿಂದ ಒರೆಸಿ, ಮುಚ್ಚದೆ ನೆರಳಲ್ಲಿ ಒಣಗಿಸುತ್ತೇವೆ. ಇದರಿಂದ ಜಾರುವುದು ತಗ್ಗಿದೆ, ನಿಂತಿಲ್ಲ.

ಇನ್ನೊಂದು ಮಾತನ್ನು ಹೇಳಲೇಬೇಕು. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುತ್ತದೆ. ಗ್ಲಾಸ್ ಫೈಬರ್ ತಾನಾಗಿ ಹರಿಸದಿದ್ದರೂ ನೀರು ಸುರಿಯುವ ಪೋಲನ್ನು ನಂಬುವಂತಿಲ್ಲ. ತಂತಿ ಹಾದುಹೋಗಿರುವ ಗೋಡೆಯ ಬಳಿ ನಮ್ಮ ಹುಡುಗರು ಯಾವ ಪೋಲನ್ನೂ ಎತ್ತುವುದಿಲ್ಲ, ಗುತ್ತಿಗೆ ಕೈತಪ್ಪಿದರೂ ಸರಿಯೇ.

ನಮ್ಮಂಥ ಸಣ್ಣ ಗುತ್ತಿಗೆದಾರರು ತುಸು ಭಾರವಾದರೂ ಸ್ಕ್ರೂ ಇರುವ, ಕ್ಲಾಂಪ್‌ಗಳು ಬಿಡಿಯಾಗಿ ದೊರೆಯುವ ಪೋಲನ್ನೇ ಆರಿಸಿಕೊಳ್ಳಬೇಕು. ಮುಂದಿನದನ್ನು ಅಂಗಡಿಯಲ್ಲೇ ಪೂರ್ತಿ ಎತ್ತಿ, ಗೋಡೆಗೆ ಒತ್ತಿ ನೋಡಿದ ಮೇಲೆಯೇ ನಾನು ಹಣ ಕೊಡುವುದು.