ಖಾಲಿ ತೋಟೆ ತೊಳೆಯುವ ಯಂತ್ರ: ಒಂದೂವರೆ ವರ್ಷ ಬಳಸಿದ ಮೇಲೆ

ಸ್ಯಾನ್ ಆಂಟೋನಿಯೋದ ಹೊರವಲಯದಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ಕಳೆದ ಒಂದೂವರೆ ವರ್ಷದಿಂದ 7 ಲೀಟರ್ ಡ್ರಮ್ಮಿನ ಒಂದು ರೋಟರಿ ವೆಟ್ ಟಂಬ್ಲರ್ ಕೆಲಸ ಮಾಡುತ್ತಿದೆ. ಟಂಬ್ಲರ್ ಎಂದೊಡನೆ ನಮ್ಮವರಿಗೆ ಕಾಫಿ ಲೋಟ ನೆನಪಾಗುವುದು ಸಹಜ. ಇದು ಹಾರಿಸಿದ ರೈಫಲ್ ತೋಟೆಗಳ ಹಿತ್ತಾಳೆ ಕೇಸುಗಳನ್ನು ಮತ್ತೆ ತುಂಬುವ ಮೊದಲು ತೊಳೆದು ಕೊಡುವ ಯಂತ್ರ. ಅಮೆರಿಕದಲ್ಲಿ ಸ್ವಂತ ಬಳಕೆಗಾಗಿ ತೋಟೆಗಳನ್ನು ಮನೆಯಲ್ಲೇ ಮರುತುಂಬಿಕೊಳ್ಳಲು ಫೆಡರಲ್ ಪರವಾನಗಿ ಬೇಕಿಲ್ಲ, ಮಾರಾಟಕ್ಕೆ ತಯಾರಿಸಿದರೆ ಮಾತ್ರ ಬೇಕು. ಭಾರತದಲ್ಲಿ ಪರವಾನಗಿ ಇಲ್ಲದೆ ತೋಟೆ ತಯಾರಿಸುವುದು ಅಪರಾಧವಾದ್ದರಿಂದ ಈ ಬರಹ ಇಲ್ಲಿ ನೆಲೆಸಿ ಗುರಿಯ ಹವ್ಯಾಸ ಇಟ್ಟುಕೊಂಡವರಿಗೆ ಮಾತ್ರ ಉಪಯೋಗಕ್ಕೆ ಬಂದೀತು. ತಯಾರಕರ ಹೆಸರನ್ನು ಬರೆಯುತ್ತಿಲ್ಲ. ಈ ಗಾತ್ರದ ಯಂತ್ರಗಳ ರಚನೆಯೆಲ್ಲ ಹೆಚ್ಚುಕಡಿಮೆ ಒಂದೇ, ಮೇಲಾಗಿ ನನ್ನ ದೂರುಗಳಲ್ಲಿ ಅರ್ಧದಷ್ಟು ನಾನೇ ಮಾಡಿಕೊಂಡವು.

ಇದಕ್ಕೂ ಮೊದಲು ಆರು ವರ್ಷ ನಾನು ಒಣ ವಿಧಾನವನ್ನೇ ಬಳಸುತ್ತಿದ್ದೆ. ಆಕ್ರೋಟಿನ ಚಿಪ್ಪನ್ನೋ ಮೆಕ್ಕೆಜೋಳದ ದಿಂಡನ್ನೋ ಪುಡಿ ಮಾಡಿ ತುಂಬಿದ ಬೋಗುಣಿಯೊಂದು ಗಡಗಡನೆ ನಡುಗುತ್ತಾ ಮೂರು ನಾಲ್ಕು ಗಂಟೆಗಳಲ್ಲಿ ಕೇಸುಗಳ ಹೊರಮೈಯನ್ನು ಉಜ್ಜಿಕೊಡುತ್ತದೆ. ಹೊರಮೈ ಚೆನ್ನಾಗಿಯೇ ಬೆಳಗುತ್ತದೆ, ಆದರೆ ಒಳಗಿನ ಮಸಿ ಹಾಗೆಯೇ ಉಳಿಯುತ್ತದೆ, ಬುಡದಲ್ಲಿ ಪ್ರೈಮರ್ (ಒಳಗಿನ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಕೂರುವ ಗುಳಿಯಲ್ಲಿ ಕಟ್ಟಿದ ಕರಿ ಕಿಟ್ಟವಂತೂ ಜಗ್ಗುವುದಿಲ್ಲ. ನಾನು ಆ ಯಂತ್ರವನ್ನು ಬಿಟ್ಟದ್ದು ಹೊಳಪು ಸಾಲದೆಂದಲ್ಲ, ಧೂಳಿಗೆ ಹೆದರಿ. ಸಾಮಾನ್ಯ ಪ್ರೈಮರ್‌ಗಳ ಸಿಡಿಮದ್ದಿನಲ್ಲಿ ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಸಂಯುಕ್ತ ಇರುತ್ತದೆ. ಅದು ಸಿಡಿದ ಮೇಲೆ ಉಳಿಯುವ ಸೀಸದ ಅಂಶ ಆ ಪುಡಿಯಲ್ಲಿ ಸೇರುತ್ತಾ ಹೋಗಿ, ಕೇಸುಗಳನ್ನು ಜರಡಿ ಹಿಡಿಯುವಾಗ ಬೂದುಬಣ್ಣದ ಧೂಳಾಗಿ ಏಳುತ್ತದೆ. ಗ್ಯಾರೇಜಿನ ಬಾಗಿಲು ಮನೆಯೊಳಕ್ಕೇ ತೆರೆಯುತ್ತದೆ, ಮನೆಯಲ್ಲಿ ಅಂಬೆಗಾಲಿಡುವ ಮಗುವಿತ್ತು. ಹಳೆಯ ಯಂತ್ರವನ್ನು ಹಿತ್ತಲಿನ ಷೆಡ್ಡಿಗೆ ಸಾಗಿಸಿ ಇದನ್ನು ತಂದದ್ದು ಆ ಕಾರಣಕ್ಕೆ.

ಕೆಲಸದ ಕ್ರಮ ಹೀಗಿದೆ. ಮೊದಲು ಹಾರಿದ ಪ್ರೈಮರ್‌ಗಳನ್ನು ಡಿಕ್ಯಾಪಿಂಗ್ ಡೈ ಎಂಬ ಉಪಕರಣದಿಂದ ಹೊರತೆಗೆಯಬೇಕು; ಅವನ್ನು ಹಾಗೆಯೇ ಬಿಟ್ಟು ತೊಳೆದರೆ ಗುಳಿ ಸ್ವಚ್ಛವಾಗುವುದಿಲ್ಲ, ಸಾಲದ್ದಕ್ಕೆ ಅಲ್ಲಿ ಸಿಕ್ಕಿಕೊಂಡ ನೀರು ದಿನಗಟ್ಟಲೆ ಆರದೆ ಉಳಿಯುತ್ತದೆ. ಆಮೇಲೆ .308 ವಿಂಚೆಸ್ಟರ್ ಎಂಬ ಅಳತೆಯ ರೈಫಲ್ ತೋಟೆಯ 250 ಕೇಸುಗಳು, ಎಂದರೆ ಸುಮಾರು ಎರಡೂಮುಕ್ಕಾಲು ಕಿಲೋ ಹಿತ್ತಾಳೆ, ಜೊತೆಗೆ ಯಂತ್ರದೊಂದಿಗೇ ಬರುವ ಐದು ಪೌಂಡ್ ಸ್ಟೇನ್‌ಲೆಸ್ ಸ್ಟೀಲ್ ಪಿನ್ನುಗಳು. ಈ ಪಿನ್ನು ಗುಂಡುಸೂಜಿಯ ತುಂಡಿನಂತೆ ಕಾಣುತ್ತದೆ, ಆದರೆ ಅದಕ್ಕಿಂತ ತುಸು ದಪ್ಪ: ಉದ್ದ ಆರೂವರೆ ಮಿಲಿಮೀಟರ್, ದಪ್ಪ 1.2 ಮಿಲಿಮೀಟರ್. ಕೇಸಿನ ಕತ್ತಿನೊಳಗೂ ಪ್ರೈಮರ್ ಗುಳಿಯ ಮೂಲೆಗೂ ನುಗ್ಗಿ ಕೆರೆಯುವುದು ಇದೇ. ಕಂಠದವರೆಗೆ ತಣ್ಣೀರು, ಒಂದು ದೊಡ್ಡ ಚಮಚ ಪಾತ್ರೆ ತೊಳೆಯುವ ದ್ರಾವಣ, ಕಾಲು ಚಮಚ ಸಿಟ್ರಿಕ್ ಆಮ್ಲದ ಪುಡಿ. ಮುಚ್ಚಳ ಬಿಗಿದು ಟೈಮರನ್ನು ಎರಡು ಗಂಟೆಗೆ ತಿರುಗಿಸಿದರೆ ಸಾಕು. ಮುಚ್ಚಳದ ಪಾರದರ್ಶಕ ಕಿಟಕಿಯಲ್ಲಿ ಇಪ್ಪತ್ತು ನಿಮಿಷಕ್ಕೆಲ್ಲ ನೀರು ಇದ್ದಿಲು ಕಲಸಿದಂತೆ ಕಪ್ಪಾಗುವುದು ಕಾಣುತ್ತದೆ, ಅಲ್ಲಿಂದ ಮುಂದೆ ಏನೂ ಕಾಣುವುದಿಲ್ಲ. ಕಿಟಕಿಯನ್ನು ಯಾಕೆ ಇಟ್ಟರೋ ನನಗಿನ್ನೂ ಅರ್ಥವಾಗಿಲ್ಲ.

ಸಿಟ್ರಿಕ್ ಆಮ್ಲದ ಪ್ರಮಾಣದಲ್ಲಿ ಕೈ ಬಿಗಿ ಹಿಡಿಯಬೇಕು. ನಮ್ಮೂರಿನ ನೀರು ಎಡ್ವರ್ಡ್ಸ್ ಅಕ್ವಿಫರ್ ಎಂಬ ಅಂತರ್ಜಲದ ನೆಲೆಯ ಸುಣ್ಣಕಲ್ಲಿನ ಪದರಗಳಿಂದ ಬರುವ ಗಡಸು ನೀರು, ಆಮ್ಲವಿಲ್ಲದೆ ತೊಳೆದರೆ ಕೇಸುಗಳ ಮೇಲೆ ಬಿಳಿ ಚುಕ್ಕೆಗಳು ನಿಲ್ಲುತ್ತವೆ. ಹಾಗೆಂದು ಎರಡನೆಯ ಬಾರಿ ನಾನು ಒಂದು ಪೂರ್ತಿ ಚಮಚ ಸುರಿದು, ನಾಲ್ಕು ಗಂಟೆ ಓಡಿಸಿ, ರಾತ್ರಿಯಿಡೀ ಅದೇ ನೀರಿನಲ್ಲಿ ಬಿಟ್ಟು ಮಲಗಿದೆ. ಬೆಳಿಗ್ಗೆ ತೆಗೆದಾಗ ಕೇಸುಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ದೇವರ ಮನೆಯ ದೀಪಕ್ಕೆ ಹುಣಸೆಹಣ್ಣು ಬಳಿದು ತೊಳೆಯಲು ಮರೆತವರಿಗೆ ಈ ಬಣ್ಣದ ಪರಿಚಯ ಇದ್ದೇ ಇರುತ್ತದೆ. ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ, ಇಲ್ಲಿರುವುದು ಸಿಟ್ರಿಕ್, ಅತಿಯಾದರೆ ಎರಡರದ್ದೂ ಒಂದೇ ಬುದ್ಧಿ. ತೋಟೆಯ ಹಿತ್ತಾಳೆಯಲ್ಲಿ 70 ಭಾಗ ತಾಮ್ರ, 30 ಭಾಗ ಸತು. ಮೇಲ್ಪದರದ ಸತು ಕರಗಿಹೋದಂತೆ ತಾಮ್ರದ ಕೆಂಪು ಎದ್ದು ಕಾಣುತ್ತದೆ. ಅಂದಿನ ತಂಡದಲ್ಲಿ ಹೆಚ್ಚು ಕೆಂಪಾದ ನಲವತ್ತು ಕೇಸುಗಳನ್ನು ನಾನು ಸುತ್ತಿಗೆಯಿಂದ ಜಜ್ಜಿ ಗುಜರಿಗೆ ಹಾಕಿದೆ. ಅಷ್ಟು ಬೇಕಿರಲಿಲ್ಲ ಎಂದು ಗುರಿಯ ಗೆಳೆಯರು ಹೇಳಿದರೂ, ಮುಖದಿಂದ ಒಂದು ಗೇಣು ದೂರದಲ್ಲಿ ಸಿಡಿಯುವ ವಸ್ತುವಿನ ವಿಷಯದಲ್ಲಿ ಮಿತವ್ಯಯ ನನಗೆ ಒಗ್ಗುವುದಿಲ್ಲ.

ಅಮೋನಿಯಾ ಇರುವ ಹಿತ್ತಾಳೆ ಪಾಲಿಷನ್ನು ಮಾತ್ರ ಯಾವ ಕಾರಣಕ್ಕೂ ಈ ಡ್ರಮ್ಮಿಗೆ ಹಾಕಬಾರದು. ಈ ಪಾಠವನ್ನು ಲೋಕಕ್ಕೆ ಕಲಿಸಿದ್ದು ನಮ್ಮ ದೇಶದ ಮಳೆಗಾಲ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯದ ತೋಟೆಗಳು ಮಳೆಗಾಲ ಕಳೆಯುವಷ್ಟರಲ್ಲಿ ಕುತ್ತಿಗೆಯ ಬಳಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಅವನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದುದರಿಂದ ಕುದುರೆಯ ಗಂಜಲದಿಂದೇಳುವ ಅಮೋನಿಯಾ, ತೇವ, ಎಳೆದು ರೂಪಿಸಿದ ಹಿತ್ತಾಳೆಯೊಳಗೆ ಉಳಿದ ಸೆಳೆತ ಈ ಮೂರೂ ಸೇರಿ ಲೋಹವನ್ನು ಸೀಳುತ್ತವೆ ಎಂಬ ವಿವರಣೆ 1921ರಲ್ಲಿ ಬಂತು. ಋತುವಿಗೆ ತಕ್ಕಂತೆ ಬಂದದ್ದರಿಂದ ಲೋಹಶಾಸ್ತ್ರದಲ್ಲಿ ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂಬ ಹೆಸರೇ ನಿಂತಿತು. ಹೊಸ ಕೇಸುಗಳ ಕತ್ತಿನ ಸುತ್ತ ಕಾಣುವ ನೀಲಿ ಛಾಯೆ, ಆ ಸೆಳೆತವನ್ನು ಸಡಿಲಿಸಲು ಕಾಯಿಸಿದ ಗುರುತು. ತೊಳೆದ ಮೇಲೆ ಆ ಛಾಯೆ ಅಳಿಸಿಹೋಗುತ್ತದೆ, ಕಾಯಿಸಿದ ಗುಣ ಹೋಗುವುದಿಲ್ಲ.

ಫಲಿತಾಂಶದ ಬಗ್ಗೆ ಹೇಳುವುದಾದರೆ ಯಂತ್ರ ಮಾತಿಗೆ ತಪ್ಪಿಲ್ಲ. ಎರಡು ಗಂಟೆಯ ನಂತರ ಕೇಸಿನ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ತಳದ ರಂಧ್ರದ ಅಂಚೂ ಚಿನ್ನದ ಬಣ್ಣದಲ್ಲಿ ಕಾಣುತ್ತದೆ, ಪ್ರೈಮರ್ ಗುಳಿಯಲ್ಲಿ ಬೆರಳುಗುರು ಆಡಿಸಿದರೆ ಮಸಿ ಹತ್ತುವುದಿಲ್ಲ. ಹೊಳಪಿನಿಂದ ಗುಂಡು ಗುರಿಗೆ ಹೆಚ್ಚು ಹತ್ತಿರ ಬೀಳುತ್ತದೆಂದು ನಾನು ಹೇಳಲಾರೆ; ನನ್ನ ಗುರಿಹಾಳೆಗಳಲ್ಲಿ ಅಂಥ ವ್ಯತ್ಯಾಸವೇನೂ ಕಂಡಿಲ್ಲ. ಲಾಭ ಇರುವುದು ಪರೀಕ್ಷೆಯಲ್ಲಿ. ಹಲವು ಬಾರಿ ಹಾರಿಸಿ ಹಿಗ್ಗಿಸಿದ ಕೇಸು ಬುಡದಿಂದ ಸ್ವಲ್ಪ ಮೇಲೆ ತೆಳುವಾಗುತ್ತಾ ಬಂದು ಒಂದು ದಿನ ಅಲ್ಲಿಯೇ ತುಂಡಾಗುತ್ತದೆ. ಹೊರಗಿನಿಂದ ಅದು ಬಳೆಯಂತೆ ಸುತ್ತಿದ ಒಂದು ತೆಳು ಗೆರೆಯಾಗಿ ಕಾಣುತ್ತದೆ. ಮಸಿಯಡಿಯಲ್ಲಿ ಆ ಗೆರೆ ಅಡಗಿರುತ್ತದೆ. ಕಳೆದ ಮಾರ್ಚಿನಲ್ಲಿ ತೊಳೆದ 250ರಲ್ಲಿ ಮೂರಕ್ಕೆ ಈ ಗೆರೆಯಿತ್ತು. ಪೇಪರ್ ಕ್ಲಿಪ್ಪಿನ ತುದಿಯನ್ನು ಕೊಕ್ಕೆಯಂತೆ ಬಾಗಿಸಿ ಒಳಗೋಡೆಯ ಮೇಲೆ ಎಳೆದಾಗ ಮೂರರಲ್ಲೂ ಅದೇ ಎತ್ತರದಲ್ಲಿ ತುದಿ ತಗ್ಗಿಗೆ ಬಿದ್ದು ಎಡವಿತು. ಅದೊಂದೇ ದಿನಕ್ಕೆ ಯಂತ್ರದ ಹಣ ಸಂದಾಯವಾಯಿತೆಂದು ನಾನು ಲೆಕ್ಕ ಹಾಕಿಕೊಂಡೆ.

ಇನ್ನು ದೂರುಗಳು. ಡಬ್ಬಿಯ ಮೇಲಿನ ಚಿತ್ರದಲ್ಲಿ ಕಾಣದ ದುಡಿಮೆಯೆಲ್ಲ ಡ್ರಮ್ಮು ನಿಂತ ಮೇಲೆ ಶುರುವಾಗುತ್ತದೆ. ಕಪ್ಪು ನೀರನ್ನು ಕೈಗವಸು ತೊಟ್ಟು ಬಗ್ಗಿಸಬೇಕು, ಏಕೆಂದರೆ ಗಾಳಿಯಲ್ಲಿ ಹಾರದ ಸೀಸ ಈಗ ನೀರಿನಲ್ಲಿದೆ. ಅಡುಗೆಮನೆಯ ಸಿಂಕಿನ ಹತ್ತಿರ ಅದನ್ನು ಒಯ್ಯುವ ಮಾತೇ ಇಲ್ಲ. ಆಮೇಲೆ ಪಿನ್ನುಗಳನ್ನು ಬೇರ್ಪಡಿಸಬೇಕು. ಕೇಸುಗಳನ್ನು ಒಂದು ಬಕೆಟ್ ನೀರಿನೊಳಗೇ ಮುಳುಗಿಸಿ ತಿರುಗಿಸಿದರೆ ಬಹುಪಾಲು ಉದುರುತ್ತವೆ, ಗಾಳಿಯಲ್ಲಿ ಅಲ್ಲಾಡಿಸಿದರೆ ನೀರಿನ ಅಂಟಿಗೆ ಒಳಗೇ ಕುಳಿತುಬಿಡುತ್ತವೆ. ಬಿದ್ದವನ್ನು ಎತ್ತಲು ಒಂದು ಮ್ಯಾಗ್ನೆಟ್ ಬೇಕು, ಅದನ್ನು ಯಂತ್ರದ ಜೊತೆ ಕೊಡುವುದಿಲ್ಲ. ಈ ಜಿಪುಣತನ ನನಗೆ ಬೇಸರ ತಂದಿದೆ. ಸಣ್ಣ ಕತ್ತಿನ .223 ಕೇಸುಗಳಲ್ಲಂತೂ ಪಿನ್ನುಗಳು ಜೋಡಿಯಾಗಿ ಅಡ್ಡ ಸಿಕ್ಕಿಕೊಳ್ಳುವುದುಂಟು. ಒಂದೇ ಒಂದು ಉಳಿದರೂ ಅದು ಗುಂಡಿನ ಜೊತೆ ನಳಿಕೆಯೊಳಗೆ ಹೋಗುತ್ತದೆ ಎಂಬ ಕಾರಣಕ್ಕೆ ಪ್ರತಿಯೊಂದು ಕೇಸನ್ನೂ ಬೆಳಕಿಗೆ ಹಿಡಿದು ನೋಡದೆ ಮುಂದೆ ಹೋಗುವ ಹಾಗಿಲ್ಲ.

ಮುಚ್ಚಳ ಸೋರಿದ್ದು ಎರಡು ಬಾರಿ. ಎರಡು ಬಾರಿಯೂ ರಬ್ಬರ್ ಬಳೆಯ ಮೇಲೆ ಒಂದು ಪಿನ್ನು ಕುಳಿತಿದ್ದುದನ್ನು ನಾನು ಗಮನಿಸದೆ ತಿರುಪು ಬಿಗಿದಿದ್ದೆ. ಒಣಗಿಸುವುದಕ್ಕೆ ಬೇರೆಯದೇ ಏರ್ಪಾಡು ಬೇಕು: ಟವೆಲ್ಲಿನಲ್ಲಿ ಹೊರಳಾಡಿಸಿ, ಹಣ್ಣು ಒಣಗಿಸುವ ಡಿಹೈಡ್ರೇಟರಿನಲ್ಲಿ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಡುತ್ತೇನೆ, ಮತ್ತು ಆ ಡಿಹೈಡ್ರೇಟರ್ ಇನ್ನು ಹಣ್ಣನ್ನು ಕಾಣುವಂತಿಲ್ಲ. ಅವಸರಕ್ಕೆ ಬಿದ್ದು ಓವನ್ನಿನ ಉರಿ ಏರಿಸುವವರೂ ಇದ್ದಾರೆ. ಹಿತ್ತಾಳೆ ಸುಮಾರು 250 ಡಿಗ್ರಿಯ ಆಸುಪಾಸಿನಲ್ಲಿ ಮೆದುವಾಗತೊಡಗುವುದರಿಂದ, ಒತ್ತಡ ತಡೆಯಬೇಕಾದ ಬುಡವೇ ಸೋತರೆ ಆ ಕೇಸು ಅಪಾಯಕಾರಿ.

ಕೊನೆಯ ತೊಡಕು ಸೂಕ್ಷ್ಮವಾದದ್ದು. ಕತ್ತಿನೊಳಗಿನ ಮಸಿಯ ತೆಳುಪದರ ಗುಂಡನ್ನು ಕೂರಿಸುವಾಗ ಜಾರುಕವಾಗಿ ಕೆಲಸ ಮಾಡುತ್ತದೆ. ಅದನ್ನೂ ಕೆರೆದು ತೆಗೆದ ಮೇಲೆ, ಗುಂಡನ್ನು ಕೇಸಿಗೆ ಒತ್ತಿ ಕೂರಿಸುವ ಪ್ರೆಸ್ಸಿನ ಹಿಡಿಕೆ ಒಂದು ಕೇಸಿಗೆ ಸಲೀಸಾಗಿ ಇಳಿದರೆ ಇನ್ನೊಂದಕ್ಕೆ ತಡೆದು ತಡೆದು ಇಳಿಯುತ್ತದೆ. ಈಗ ನಾನು ಬ್ರಶ್ಶಿನಲ್ಲಿ ಒಂದಿಷ್ಟು ಗ್ರಾಫೈಟ್ ಪುಡಿ ಮುಟ್ಟಿಸಿ ಕತ್ತಿನೊಳಗೆ ಒಮ್ಮೆ ಆಡಿಸುತ್ತೇನೆ. ಎರಡು ಗಂಟೆಗಿಂತ ಹೆಚ್ಚು ಓಡಿಸುವುದನ್ನೂ ಬಿಟ್ಟಿದ್ದೇನೆ, ಏಕೆಂದರೆ ಕೇಸುಗಳು ಒಂದಕ್ಕೊಂದು ಬಡಿದು ಬಾಯಿಯ ಅಂಚು ಬೆರಳಿಗೆ ತಿಳಿಯುವಷ್ಟು ಮಡಚಿಕೊಳ್ಳುತ್ತದೆ.

ತಿಂಗಳಿಗೆ ಇನ್ನೂರು ಮುನ್ನೂರು ರೈಫಲ್ ಕೇಸುಗಳನ್ನು ಮರುತುಂಬುವವರು, ಅದರಲ್ಲೂ ಮಕ್ಕಳಿರುವ ಮನೆಯವರು, ಸುಮಾರು ಇನ್ನೂರು ಡಾಲರ್ ಕೊಟ್ಟು ಇದನ್ನು ಕೊಳ್ಳುವುದಕ್ಕೆ ಅನುಮಾನಪಡಬೇಕಿಲ್ಲ. ಮ್ಯಾಗ್ನೆಟ್, ಜರಡಿ ಮತ್ತು ಡಿಹೈಡ್ರೇಟರಿಗೆ ಬೇರೆ ಹಣ ತೆಗೆದಿಟ್ಟುಕೊಳ್ಳಬೇಕಷ್ಟೆ. 9 ಮಿಲಿಮೀಟರ್ ಪಿಸ್ತೂಲಿನ ಕೇಸುಗಳಿಗೆ ಇಷ್ಟೆಲ್ಲ ಉಪಚಾರ ಬೇಕೆಂದು ನನಗೆ ಅನ್ನಿಸಿಲ್ಲ. ಅವನ್ನು ನಾನು ಈಗಲೂ ಷೆಡ್ಡಿನಲ್ಲಿರುವ ಹಳೆಯ ಆಕ್ರೋಟು ಬೋಗುಣಿಗೇ ಹಾಕುತ್ತೇನೆ, ಧೂಳು ಹಿಡಿಯಲು ಒಂದು ಒದ್ದೆ ಬಟ್ಟೆಯ ಚೂರು ಸೇರಿಸಿ, ಬಾಗಿಲು ತೆರೆದಿಟ್ಟು, ಮಾಸ್ಕ್ ಕಟ್ಟಿಕೊಂಡು.