ವ್ಯಾನಿನ ಹಿಂದೆ ಫೈರ್ ಎಕ್ಸ್‌ಟಿಂಗ್ವಿಶರ್ ಹಿಡಿಯುವ ಸ್ಟೀಲ್ ಬ್ರಾಕೆಟ್: ಮೂರೂವರೆ ವರ್ಷ ಬಳಸಿದ ಮೇಲೆ

ನಾನು ಕೋಲಾರದಲ್ಲಿ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುತ್ತೇನೆ. ನನ್ನ ಅರ್ಧ ಅಂಗಡಿ ಮಾರುತಿ ಈಕೋ ಕಾರ್ಗೋ ವ್ಯಾನಿನ ಹಿಂದೆಯೇ ಇದೆ. ಮೋಟಾರು, ಕೇಬಲ್ ಸುರುಳಿ, ಸ್ಟಾರ್ಟರ್ ಪೆಟ್ಟಿಗೆ, ಒಂದು ಸಣ್ಣ ಜನರೇಟರ್, ಅದಕ್ಕೆ ಪೆಟ್ರೋಲ್ ಕ್ಯಾನ್. ನಮ್ಮ ಕಡೆ ಸಾವಿರ ಅಡಿ ದಾಟಿದ ಬೋರ್‌ವೆಲ್ ಹೊಸ ವಿಷಯವಲ್ಲ. ಹಾಗಾಗಿ ವಾರದಲ್ಲಿ ಆರು ದಿನ ಶ್ರೀನಿವಾಸಪುರ, ಮುಳಬಾಗಿಲು, ಬಂಗಾರಪೇಟೆ ಅಂತ ಓಡಾಟ ಇದ್ದೇ ಇರುತ್ತದೆ. ಪೆಟ್ರೋಲು, ಕರೆಂಟು ಎರಡೂ ಇರುವ ಗಾಡಿ ಇದು. ಬೆಂಕಿ ನಂದಿಸುವ ಸಿಲಿಂಡರ್ ಇಲ್ಲದೆ ಇದನ್ನು ಹೊರಗೆ ತೆಗೆಯುವುದು ಸರಿಯಲ್ಲ ಅಂತ ಮೊದಲಿನಿಂದಲೂ ಒಂದು ಇಟ್ಟುಕೊಂಡಿದ್ದೆ. 2 ಕೆಜಿ ಎಬಿಸಿ ಪೌಡರ್, ಅಂದರೆ ಕಟ್ಟಿಗೆ, ಎಣ್ಣೆ, ಗ್ಯಾಸ್ ಮೂರೂ ಬಗೆಯ ಬೆಂಕಿಗೆ ಆಗುವ ಪುಡಿ. ಐಎಸ್‌ಐ ಗುರುತಿನದು.

ಆದರೆ ಅದನ್ನು ಹೇಗೆ ಹಿಡಿಸಬೇಕು ಅಂತ ಯೋಚಿಸಿರಲಿಲ್ಲ. ಸಿಲಿಂಡರ್ ಜೊತೆ ಒಂದು ಕೊಕ್ಕೆ ಕೊಟ್ಟಿದ್ದರು. ಅದನ್ನೇ ಎರಡು ಸೆಲ್ಫ್ ಸ್ಕ್ರೂ ಹಾಕಿ ವ್ಯಾನಿನ ಪಕ್ಕದ ತಗಡಿಗೆ ಬಿಗಿದೆ.

2021ರ ಮಳೆಗಾಲದಲ್ಲಿ ಶ್ರೀನಿವಾಸಪುರ ರಸ್ತೆಯಲ್ಲಿ ಒಂದು ಹಂಪ್ ಕಾಣದೆ ಜೋರಾಗಿ ಬ್ರೇಕ್ ಹೊಡೆದೆ. ಸಿಲಿಂಡರ್ ಕೊಕ್ಕೆಯಿಂದ ಹಾರಿ ಕೆಳಗೆ ಬಿತ್ತು. ಹಿಡಿಕೆ ಒತ್ತದಂತೆ ತಡೆಯುವ ಪಿನ್ ಹಿಡಿದಿದ್ದ ಪ್ಲಾಸ್ಟಿಕ್ ಸೀಲು ಅಲ್ಲಾಡಿ ಅಲ್ಲಾಡಿ ಯಾವಾಗಲೋ ತುಂಡಾಗಿತ್ತು, ಪಿನ್ನು ಅರ್ಧ ಹೊರಗೆ ಬಂದಿತ್ತು. ಬಿದ್ದ ಹೊಡೆತಕ್ಕೆ ಪಿನ್ನು ಪೂರ್ತಿ ಕಳಚಿತು. ಉರುಳಿ ಬಂದ ಮೋಟಾರು ಹಿಡಿಕೆಯ ಮೇಲೆ ಕೂತಿತು. ಎರಡೇ ಸೆಕೆಂಡಿನಲ್ಲಿ ಗಾಡಿ ತುಂಬ ಹಳದಿ ಹೊಗೆಯಂಥ ಪುಡಿ. ಉಸಿರು ಕಟ್ಟಿತು, ಮುಂದಿನ ಗಾಜೂ ಕಾಣಲಿಲ್ಲ. ಆ ಹೊತ್ತಿನಲ್ಲಿ ಎದುರಿಗೆ ಗಾಡಿ ಇರಲಿಲ್ಲ, ಅದಕ್ಕೇ ಇವತ್ತು ಇದನ್ನು ಬರೆಯುತ್ತಿದ್ದೇನೆ.

ಆಮೇಲಿನ ಕಷ್ಟ ಬೇರೆ. ಎಬಿಸಿ ಪುಡಿಯಲ್ಲಿ ಮುಖ್ಯವಾಗಿ ಇರುವುದು ಮೋನೋ ಅಮೋನಿಯಂ ಫಾಸ್ಫೇಟ್. ಗಾಳಿಯ ತೇವ ಹೀರಿಕೊಂಡರೆ ಅದು ಹುಳಿಯಾಗಿ ಲೋಹವನ್ನು ತಿನ್ನುತ್ತದೆ. ತಾಮ್ರದ ಸುತ್ತು, ಸ್ಟಾರ್ಟರಿನ ಕಾಂಟ್ಯಾಕ್ಟು ಯಾವುದನ್ನೂ ಬಿಡುವುದಿಲ್ಲ. ಹಿಂದೆ ಒಂದು ಹೊಸದಾಗಿ ಸುತ್ತಿದ ಮೋನೋಬ್ಲಾಕ್ ಮೋಟಾರ್ ಇತ್ತು. ಅದನ್ನು ನನ್ನ ಖರ್ಚಿನಲ್ಲೇ ಮತ್ತೆ ಬಿಚ್ಚಿ ಸುತ್ತಿಕೊಟ್ಟೆ. ಗಾಡಿ ತೊಳೆಯಲು ಎರಡು ದಿನ ಬೇಕಾಯಿತು.

ಸಿಲಿಂಡರಿನಲ್ಲಿ ಏನೂ ದೋಷ ಇರಲಿಲ್ಲ. ಆ ಕೊಕ್ಕೆ ಗೋಡೆಗೆ ಅಂತ ಮಾಡಿದ್ದು. ಗೋಡೆ ಅಲ್ಲಾಡುವುದಿಲ್ಲ, ಅಲ್ವಾ? ಸುಮ್ನೆ ತೂಗುಹಾಕಿದರೆ ಭಾರಕ್ಕೇ ನಿಲ್ಲುತ್ತದೆ. ಗಾಡಿಯಲ್ಲಿ ಆ ಭಾರವೇ ಶತ್ರು. 2 ಕೆಜಿ ಅನ್ನುವುದು ಒಳಗಿನ ಪುಡಿಯ ಲೆಕ್ಕ. ಡಬ್ಬಿ, ವಾಲ್ವು ಸೇರಿ ನನ್ನದು ಮೂರೂವರೆ ಕೆಜಿ ತೂಗುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಗಾಡಿ ಗುದ್ದಿ ನಿಂತರೆ ಬಿಡಿಯಾಗಿರುವ ಸಿಲಿಂಡರ್ ಅದೇ ವೇಗದಲ್ಲಿ ಮುಂದೆ ಬರುತ್ತದೆ. 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕಂತಸ್ತಿನ ಕಟ್ಟಡದ ಮೇಲಿಂದ, ಯಾರೋ ತಲೆ ಮೇಲೆ ಬಿಟ್ಟಂತೆ. ಈ ಲೆಕ್ಕ ಹಾಕಿ ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

2022ರ ಜನವರಿಯಲ್ಲಿ ಈಗಿನ ಬ್ರಾಕೆಟ್ ತರಿಸಿದೆ. ಇದೇ ಮಾದರಿ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ. ಹೆಸರಿಗಿಂತ ಮಾದರಿ ನೋಡಿ. ಹಿಂದೆ 2 ಎಂಎಂ ದಪ್ಪದ ಸ್ಟೀಲ್ ತಟ್ಟೆ, ಅದರ ಮೇಲೆ ಎರಡು ಸ್ಟೀಲ್ ಪಟ್ಟಿ, ಪ್ರತಿ ಪಟ್ಟಿಗೂ ಹಳೇ ಟ್ರಂಕಿನ ಚಿಲಕದ ಥರ ಎಳೆದು ಮಡಚುವ ಲಾಚು. ಬುಡದಲ್ಲಿ ಸಿಲಿಂಡರ್ ಜಾರದಂತೆ ಒಂದು ಮಡಚಿದ ಕಾಲು. ನಾನು ಕೊಟ್ಟಿದ್ದು 1,150 ರೂಪಾಯಿ. ಮೊದಲು ಬಂದದ್ದು ಸಡಿಲವಾಗಿತ್ತು, ವಾಪಸ್ ಕಳಿಸಿದೆ. ಎರಡನೇ ಸಲ ಸಿಲಿಂಡರಿಗೆ ದಾರ ಸುತ್ತಿ ಸುತ್ತಳತೆ ತೆಗೆದು, ಅದನ್ನು 3.14ರಿಂದ ಭಾಗಿಸಿ ಅಡ್ಡಳತೆ ಹಿಡಿದು ತರಿಸಿದೆ. ‘2 ಕೆಜಿಗೆ ಆಗುತ್ತದೆ’ ಅಂತ ಬರೆದಿರುವುದನ್ನು ನಂಬಬೇಡಿ. ಒಂದೊಂದು ಕಂಪನಿಯ ಡಬ್ಬಿ ಒಂದೊಂದು ದಪ್ಪ.

ಎಲ್ಲಿ ಕೂರಿಸಬೇಕು ಅನ್ನುವುದಕ್ಕೆ ನಾನು ಒಂದು ಭಾನುವಾರ ಪೂರ್ತಿ ಕೊಟ್ಟೆ. ಈಕೋದಲ್ಲಿ ಇಂಜಿನ್ ಮುಂದಿನ ಸೀಟಿನ ಕೆಳಗೇ ಇದೆ. ಬೆಂಕಿ ಅಲ್ಲೇ ಶುರುವಾದರೆ ಒಳಗೆ ಕೂತು ಹಿಂದಕ್ಕೆ ಕೈ ಚಾಚಲು ಆಗುವುದಿಲ್ಲ, ಇಳಿದು ಓಡಲೇಬೇಕು. ಅದಕ್ಕೆ ಸಿಲಿಂಡರ್ ಹೊರಗಿನಿಂದ ಕೈಗೆ ಸಿಗಬೇಕು. ಪಕ್ಕದ ಜಾರುವ ಬಾಗಿಲು ಎಳೆದ ತಕ್ಷಣ, ಮೊಣಕಾಲ ಎತ್ತರದಲ್ಲಿ, ಸಾಮಾನಿನ ಮುಂದೆ. ಹಿಂದಿನ ಡಿಕ್ಕಿ ಬಾಗಿಲ ಹತ್ತಿರ ಇಟ್ಟಿದ್ದರೆ, ಹಿಂದಿನಿಂದ ಯಾರಾದರೂ ಗುದ್ದಿದ ದಿನ ಆ ಬಾಗಿಲು ತೆರೆಯದೇ ಹೋಗಬಹುದು. ಪೆಟ್ರೋಲ್ ಕ್ಯಾನ್ ಇರುವುದು ಇನ್ನೊಂದು ಮೂಲೆಯಲ್ಲಿ. ಎರಡನ್ನೂ ಒಂದೇ ಕಡೆ ಇಟ್ಟರೆ ಬೆಂಕಿ ದಾಟಿ ಸಿಲಿಂಡರ್ ತೆಗೆಯಬೇಕಾಗುತ್ತದೆ.

ಡ್ರಿಲ್ ಹಿಡಿಯುವ ಮುಂಚೆ ಗಾಡಿ ಕೆಳಗೆ ಮಲಗಿ ನೋಡಿ. ಟ್ಯಾಂಕ್, ಬ್ರೇಕ್ ಪೈಪು, ವೈರು ಎಲ್ಲಿ ಹೋಗಿವೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಸಿಎನ್‌ಜಿ ಗಾಡಿಯಾದರೆ ಗ್ಯಾಸ್ ಪೈಪೂ ಇರುತ್ತದೆ, ಇನ್ನೂ ಜಾಸ್ತಿ ಹುಷಾರು. ತಗಡಿಗೆ ಸೆಲ್ಫ್ ಸ್ಕ್ರೂ ಖಂಡಿತ ಬೇಡ. ಆ ತಗಡು ತೀರಾ ತೆಳು, ನಾಲ್ಕು ದಿನ ಕುಲುಕಿದರೆ ತೂತು ಅಗಲವಾಗಿ ಸ್ಕ್ರೂ ಈಚೆ ಬರುತ್ತದೆ. ನಾನು 8 ಎಂಎಂನ ನಾಲ್ಕು ಬೋಲ್ಟು ಆಚೆಯಿಂದ ಈಚೆಗೆ ದಾಟಿಸಿದೆ. ಹಿಂಬದಿಗೆ ಅಂಗೈಯಗಲದ 3 ಎಂಎಂ ಕಬ್ಬಿಣದ ತಟ್ಟೆ ಕೊಟ್ಟು ನೈಲಾಕ್ ನಟ್ಟು ಬಿಗಿದೆ. ನೈಲಾಕ್ ಅಂದರೆ ಒಳಗೆ ನೈಲಾನ್ ಬಳೆ ಇರುವ ನಟ್ಟು, ಕುಲುಕಾಟಕ್ಕೆ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ತೂತಿನ ಅಂಚಿಗೆ ರೆಡ್ ಆಕ್ಸೈಡ್, ಅದರ ಮೇಲೆ ಸಿಲಿಕಾನ್. ಇಲ್ಲದಿದ್ದರೆ ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಿಂದಲೇ ತುಕ್ಕು ಶುರು. ನಟ್ಟು ಮತ್ತು ತಟ್ಟೆ ಸೇರಿಸಿ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದೆ. ನಟ್ಟು ಸ್ವಲ್ಪ ತಿರುಗಿದರೂ ಗೆರೆ ಮುರಿದು ಕಾಣುತ್ತದೆ, ಸ್ಪ್ಯಾನರ್ ಹಾಕಿ ನೋಡುವ ಅಗತ್ಯವೇ ಇಲ್ಲ.

ಸಿಲಿಂಡರನ್ನು ಗಾಡಿಯ ಉದ್ದಕ್ಕೆ ಮಲಗಿಸಲಿಲ್ಲ. ಹಾಗಿಟ್ಟರೆ ಬ್ರೇಕ್ ಹಾಕಿದಾಗ ಪಟ್ಟಿಯೊಳಗಿಂದ ಬಾಣದ ಥರ ಜಾರಲು ನೋಡುತ್ತದೆ. ಅಡ್ಡಕ್ಕೆ ಅಥವಾ ನೆಟ್ಟಗೆ ಇಟ್ಟರೆ ಇಡೀ ಪಟ್ಟಿ ತಡೆಯುತ್ತದೆ. ನನ್ನದು ನೆಟ್ಟಗೆ, ಒತ್ತಡ ತೋರಿಸುವ ಮೀಟರಿನ ಮುಖ ಬಾಗಿಲ ಕಡೆಗೆ. ಬಾಗಿಲು ತೆಗೆದಾಗಲೆಲ್ಲ ಮುಳ್ಳು ಹಸಿರಿನಲ್ಲಿದೆಯಾ ಅಂತ ಕಣ್ಣಿಗೆ ತಾನಾಗಿ ಬೀಳುತ್ತದೆ.

ಈಗ ಮೂರೂವರೆ ವರ್ಷದಲ್ಲಿ ಏನಾಯಿತು ಅಂತ ಹೇಳುತ್ತೇನೆ. ಗಾಡಿ ಸುಮಾರು 70,000 ಕಿಲೋಮೀಟರ್ ಓಡಿದೆ, ಅದರಲ್ಲಿ ಅರ್ಧ ತೋಟದ ಮಣ್ಣು ರಸ್ತೆ. ತಟ್ಟೆ ಬಾಗಿಲ್ಲ. ಬೋಲ್ಟು ಒಂದೂ ಸಡಿಲವಾಗಿಲ್ಲ, ಬಿಳಿ ಗೆರೆ ಹಾಗೇ ಇದೆ. ಸೋತದ್ದು ಪಟ್ಟಿಯ ಒಳಗಿನ ರಬ್ಬರು. ನಮ್ಮ ಕಡೆಯ ಬಿಸಿಲಿಗೆ ಎರಡನೇ ಬೇಸಿಗೆಯಲ್ಲೇ ಬಿರುಕುಬಿಟ್ಟು ಪುಡಿಯಾಯಿತು. ಆಮೇಲೆ ಸ್ಟೀಲ್ ಪಟ್ಟಿ ನೇರವಾಗಿ ಡಬ್ಬಿಗೆ ಉಜ್ಜಿ ಪೇಂಟು ಹೋಗಿತ್ತು. ಒತ್ತಡ ತುಂಬಿದ ಡಬ್ಬಿ ಅದು, ತುಕ್ಕು ಹಿಡಿಯಲು ಬಿಡಬಾರದು. ಲಾರಿ ಟ್ಯೂಬ್ ಕತ್ತರಿಸಿ ಅಂಟಿಸಿದೆ. ಕಂಪನಿ ಕೊಟ್ಟಿದ್ದಕ್ಕಿಂತ ಅದೇ ಜಾಸ್ತಿ ಬಾಳಿಕೆ ಬಂತು.

ಇನ್ನೊಂದು ದೂರು ಲಾಚಿನದು. ಕೆಂಪು ಧೂಳು ಕೂತು ಬಿಗಿಯಾಗುತ್ತದೆ. ಎಣ್ಣೆ ಹಾಕಿದರೆ ಧೂಳು ಇನ್ನೂ ಅಂಟುತ್ತದೆ, ಆದ್ದರಿಂದ ಬ್ರಷ್ಷಿನಲ್ಲಿ ಒರೆಸಿ ಒಣ ಗ್ರಾಫೈಟ್ ಪುಡಿ ಹಾಕುತ್ತೇನೆ. ಎಳೆಯುವ ತುದಿ ತುಂಬ ಚಿಕ್ಕದು, ಗ್ಲೌಸ್ ಹಾಕಿದ ಬೆರಳಿಗೆ ಸಿಗುವುದಿಲ್ಲ. ಎರಡಕ್ಕೂ ಕೆಂಪು ನೈಲಾನ್ ಹಗ್ಗದ ಕುಣಿಕೆ ಕಟ್ಟಿದ್ದೇನೆ. ಇದನ್ನು ಮಾಡುವವರೇ ಕೊಡಬೇಕಿತ್ತು.

ಆ ಕುಣಿಕೆಯ ಬೆಲೆ ತಿಳಿದಿದ್ದು 2024ರ ಮಾರ್ಚಿನ ಒಂದು ರಾತ್ರಿ. ಬಂಗಾರಪೇಟೆ ರಸ್ತೆಯಲ್ಲಿ ಟೊಮೆಟೊ ಕ್ರೇಟು ತುಂಬಿದ ಒಂದು ಪಿಕಪ್ ನಿಂತಿತ್ತು. ಬಾನೆಟ್ ಸಂದಿಯಿಂದ ಹೊಗೆ, ಒಳಗೆ ಕಿತ್ತಳೆ ಬೆಳಕು. ಡ್ರೈವರ್ ಹುಡುಗ ನೀರಿನ ಬಾಟಲಿ ಹಿಡಿದು ನಿಂತಿದ್ದ. ಗಾಡಿ ದೂರ ನಿಲ್ಲಿಸಿ ಬಾಗಿಲು ಎಳೆದೆ. ಎಡಗೈಯಲ್ಲಿ ಮೊಬೈಲ್ ಟಾರ್ಚು, ಬಲಗೈಯಲ್ಲಿ ಮೇಲಿನ ಕುಣಿಕೆ, ಕೆಳಗಿನ ಕುಣಿಕೆ. ಸಿಲಿಂಡರ್ ಕೈಗೆ ಬಂತು. ಬಾನೆಟ್ ಪೂರ್ತಿ ಎತ್ತಲು ಬಿಡಲಿಲ್ಲ, ಎತ್ತಿದರೆ ಗಾಳಿ ನುಗ್ಗಿ ಬೆಂಕಿ ಮುಖಕ್ಕೇ ಬರುತ್ತದೆ. ಒಳಗಿನ ಲಿವರ್ ಎಳೆಸಿ, ಬಿಟ್ಟುಕೊಂಡ ಸಂದಿಯಿಂದಲೇ ಬೆಂಕಿಯ ಬುಡಕ್ಕೆ ಗುರಿ ಇಟ್ಟು ಆಚೀಚೆ ಆಡಿಸಿದೆ. ಹತ್ತು ಸೆಕೆಂಡು ಬಂದಿರಬಹುದು, ಅಷ್ಟೇ. 2 ಕೆಜಿ ಸಿಲಿಂಡರ್ ಅಂದರೆ ಅಷ್ಟೇ ಸಮಯ. ಅದರಲ್ಲಿ ಐದು ಸೆಕೆಂಡು ಗಾಬರಿಯಲ್ಲಿ ಗಾಳಿಗೆ ಹೊಡೆದರೆ ಮುಗಿಯಿತು. ಬೆಂಕಿ ಆರಿತು. ಸ್ವಲ್ಪ ಹೊತ್ತು ಕಾದು ಬ್ಯಾಟರಿಯ ವೈರು ಬಿಚ್ಚಿಸಿದೆವು, ಇಲ್ಲದಿದ್ದರೆ ವೈರಿಂಗ್ ಬೆಂಕಿ ಮತ್ತೆ ಹತ್ತಿಕೊಳ್ಳುತ್ತದೆ. ಬೆಳಿಗ್ಗೆಯೇ ಇಂಜಿನ್ ತೊಳೆಸು, ಪುಡಿ ಬಿಡಬೇಡ ಅಂತ ಹುಡುಗನಿಗೆ ಹೇಳಿ ಬಂದೆ.

ಸಿಲಿಂಡರಿನಲ್ಲಿ ಸ್ವಲ್ಪ ಪುಡಿ ಉಳಿದಂತಿತ್ತು. ಆದರೂ ಮಾರನೇ ದಿನವೇ ರೀಫಿಲ್ ಮಾಡಿಸಿದೆ. ಒಂದು ಸಲ ಹಿಡಿಕೆ ಒತ್ತಿದರೆ ಪುಡಿ ವಾಲ್ವಿನ ಸೀಟಿನಲ್ಲಿ ಸಿಕ್ಕಿಕೊಂಡು ಒತ್ತಡ ನಿಧಾನಕ್ಕೆ ಸೋರುತ್ತದೆ. ಮೀಟರ್ ಇವತ್ತು ಹಸಿರು ತೋರಿಸಿದರೂ ಹದಿನೈದು ದಿನದಲ್ಲಿ ಕೆಂಪಿಗೆ ಇಳಿದಿರುತ್ತದೆ.

ತಿಂಗಳಿಗೊಮ್ಮೆ ನಾನು ಅದನ್ನು ಬ್ರಾಕೆಟ್‌ನಿಂದ ತೆಗೆದು ತಲೆಕೆಳಗು ಮಾಡಿ ಚೆನ್ನಾಗಿ ಕುಲುಕುತ್ತೇನೆ. ಗಾಡಿಯ ಅದುರಾಟಕ್ಕೆ ಪುಡಿ ಬುಡದಲ್ಲಿ ಗಟ್ಟಿಯಾಗಿ ಕೂರುತ್ತದೆ. ನಳಿಕೆಯ ತುದಿಗೂ ಟಾರ್ಚು ಬಿಟ್ಟು ನೋಡಿ. ಒಮ್ಮೆ ಅದರೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ತೋಟದ ಹತ್ತಿರ ಗಾಡಿ ಬಾಗಿಲು ತೆಗೆದು ನಿಲ್ಲಿಸುವವರು ಇದನ್ನು ಮರೆಯಬೇಡಿ.

ಕಾರಿನವರು ಕೇಳುತ್ತಾರೆ, ಡಿಕ್ಕಿಯ ಕಾರ್ಪೆಟ್ಟಿಗೆ ವೆಲ್ಕ್ರೋ ಪಟ್ಟಿ ಸಾಕಾಗುವುದಿಲ್ಲವಾ ಅಂತ. ನನ್ನ ಭಾವನ ಕಾರಿನಲ್ಲಿ ಹಾಕಿ ನೋಡಿದ್ದೇವೆ. ಧೂಳು ತುಂಬಿದ ಮೇಲೆ ಹಿಡಿತ ಹೋಯಿತು, ಆರು ತಿಂಗಳಿಗೆ ಸಿಲಿಂಡರ್ ಉರುಳಾಡುತ್ತಿತ್ತು. ಪ್ಲಾಸ್ಟಿಕ್ ಬ್ರಾಕೆಟ್ಟೂ ಬಿಸಿಲಲ್ಲಿ ನಿಲ್ಲುವ ಗಾಡಿಗೆ ಬೇಡ. ಸ್ಟೀಲಿನದೇ ಹಾಕಿ, ಕಾರ್ಪೆಟ್ಟಿಗಲ್ಲ, ಅದರ ಕೆಳಗಿನ ಗಟ್ಟಿ ಲೋಹಕ್ಕೆ ಬಿಗಿಯಿರಿ. ಅದರ ಜೊತೆ 1 ಕೆಜಿಯದೊಂದು ಡ್ರೈವರ್ ಕೈಗೆ ಸಿಗುವ ಹಾಗೆ ಇದ್ದರೆ ಒಳ್ಳೆಯದು. ಆದರೆ ಅದು ಕಳಚಿ ಪೆಡಲ್ ಕೆಳಗೆ ಉರುಳದ ಹಾಗೆ ಅಷ್ಟೇ ಗಟ್ಟಿಯಾಗಿರಬೇಕು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರನ್ನು ಬಿಸಿಲಲ್ಲಿ ನಿಲ್ಲುವ ಗಾಡಿಯಲ್ಲಿ ಇಡಬೇಡಿ, ಬಿಸಿಗೆ ಅದರೊಳಗಿನ ಒತ್ತಡ ತುಂಬ ಏರುತ್ತದೆ. ಮತ್ತೆ, ಸಿಲಿಂಡರ್ ಇದೆ ಅಂತ ದೊಡ್ಡ ಬೆಂಕಿಯ ಹತ್ತಿರ ಹೋಗಬೇಡಿ. ಮೊದಲು ಜನ ಇಳಿಯಲಿ, 112ಕ್ಕೆ ಫೋನ್ ಹೋಗಲಿ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ರಬ್ಬರಿಗೆ ಮತ್ತು ಆ ಚಿಕ್ಕ ಲಾಚಿಗೆ. ಭಾವನ ಕಾರಿಗೂ ಇದೇ ಮಾದರಿ ತರಿಸಿದ್ದೇನೆ, ಪೆಟ್ಟಿಗೆ ಅಂಗಡಿಯಲ್ಲಿದೆ. ಭಾನುವಾರ ಕಾರಿನ ಕೆಳಗೆ ಮಲಗಿ ಟ್ಯಾಂಕ್ ಎಲ್ಲಿದೆ ಅಂತ ಮೊದಲು ಗುರುತು ಹಾಕಬೇಕು.