ಮನೆಯ ಕಂಪ್ಯೂಟರಿಗೆ ಯಾವುದು: ಡಿಫೆಂಡರೋ, ಮಾಲ್‌ವೇರ್‌ಬೈಟ್ಸ್ 5ನೇ ಆವೃತ್ತಿಯೋ?

ವಿಂಡೋಸ್ 11ರ ಜೊತೆಯಲ್ಲೇ ಮೈಕ್ರೋಸಾಫ್ಟಿನದೇ ಆಂಟಿವೈರಸ್ ಆದ ಡಿಫೆಂಡರ್ ಬರುವಾಗ, ಕೇಡಿನ ತಂತ್ರಾಂಶಗಳನ್ನು ಹುಡುಕಿ ತೆಗೆಯುವ ಮಾಲ್‌ವೇರ್‌ಬೈಟ್ಸ್‌ನ ಹೊಸ ಆವೃತ್ತಿಯೂ ಬೇಕೇ ಎಂದು ತಿಳಿಯಲು, ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿನಲ್ಲಿ ಎರಡನ್ನೂ ಪರೀಕ್ಷಿಸಿ ನೋಡಿದೆ. ಡಿಫೆಂಡರಿನ ಮೂಲ, 2004ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಜೈಂಟ್ ಕಂಪನಿಯ ಸ್ಪೈವೇರ್ (ಗುಟ್ಟಾಗಿ ಮಾಹಿತಿ ಕದಿಯುವ ತಂತ್ರಾಂಶ) ನಿವಾರಕ. 2012ರಲ್ಲಿ ವಿಂಡೋಸ್ 8ರೊಂದಿಗೆ ಅದು ಪೂರ್ಣ ಆಂಟಿವೈರಸ್ ಆಯಿತು. ಫೈಲು ತೆರೆಯುವಾಗಲೇ ತಪಾಸಣೆ ಮಾಡುವ ಅದರ ಕಾವಲಿಗೆ ಹಣ ಕೊಡಬೇಕಾಗಿಲ್ಲ. ಮಾಲ್‌ವೇರ್‌ಬೈಟ್ಸ್‌ನಲ್ಲಿ ಆ ಕಾವಲು ಚಂದಾದಾರರಿಗೆ ಮಾತ್ರ ಸಿಗುತ್ತದೆ. ಉಚಿತ ಆವೃತ್ತಿಯಲ್ಲಿ ನಾವೇ ಸ್ಕ್ಯಾನ್ ಮಾಡಬೇಕು.

ನಿಜವಾದ ವ್ಯತ್ಯಾಸ ತಿಳಿದದ್ದು, ಒಂದು ಉಚಿತ ಪಿಡಿಎಫ್ ಪರಿವರ್ತಕದ ಬೆನ್ನಿಗೆ ಅಂಟಿಕೊಂಡು ಬಂದು ಬ್ರೌಸರಿನ ಹುಡುಕು ಪುಟವನ್ನೇ ಬದಲಾಯಿಸಿದ ವಿಸ್ತರಣೆಯಿಂದ. ಮಾಲ್‌ವೇರ್‌ಬೈಟ್ಸ್ ಅದನ್ನು 'ಪಿಯುಪಿ.ಆಪ್ಷನಲ್' (ಬೇಡವೆನಿಸಬಹುದಾದ ತಂತ್ರಾಂಶ) ಎಂಬ ಹೆಸರಿನಡಿ ಗುರುತಿಸಿ, ಅದು ಬಿಟ್ಟುಹೋದ ಫೋಲ್ಡರನ್ನೂ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ಕೋಶ) ನಮೂದುಗಳನ್ನೂ ಬೇರೆಬೇರೆ ಸಾಲುಗಳಲ್ಲಿ ತೋರಿಸಿತು; ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ನಮ್ಮ ಕೈಯಲ್ಲೇ ಇರುತ್ತದೆ. ಹೊಕ್ಕಿದ್ದನ್ನು ಗುಡಿಸಿ ತೆಗೆಯುವುದರಲ್ಲಿ ನನ್ನ ಮತ ಇದಕ್ಕೇ.

ಹೊಗದಂತೆ ತಡೆಯುವುದರಲ್ಲಿ ಡಿಫೆಂಡರ್ ಸಾಕು, ಆದರೆ ಒಂದು ಸೆಟ್ಟಿಂಗನ್ನು ಖಚಿತಪಡಿಸಿಕೊಳ್ಳಬೇಕು. ವಿಂಡೋಸ್ ಸೆಕ್ಯುರಿಟಿಯ 'ಆಪ್ ಅಂಡ್ ಬ್ರೌಸರ್ ಕಂಟ್ರೋಲ್' ಒಳಗೆ, ಅನಪೇಕ್ಷಿತ ಆಪ್‌ಗಳನ್ನು ತಡೆಯಲು 'ಬ್ಲಾಕ್ ಆಪ್ಸ್', 'ಬ್ಲಾಕ್ ಡೌನ್‌ಲೋಡ್ಸ್' ಎಂಬ ಎರಡು ಆಯ್ಕೆಗಳಿವೆ. ಎರಡನೆಯದು ಎಡ್ಜ್ ಬ್ರೌಸರಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಆದ್ದರಿಂದ ಕ್ರೋಮ್ ಬಳಸುವ ಮನೆಗಳಲ್ಲಿ ಮೊದಲನೆಯದು ಆನ್ ಆಗಿರಲೇಬೇಕು. ಇದನ್ನು ಯಾರೂ ಎತ್ತಿ ಹೇಳುವುದಿಲ್ಲವೆಂಬುದು ನನಗೆ ಬೇಸರದ ಸಂಗತಿ.

ಕನ್ನಡ ಟೈಪಿಸುವವರಿಗೆ ಇನ್ನೊಂದು ಅನುಮಾನ ಬರುವುದು ಸಹಜ. ನುಡಿಯಂಥ ತಂತ್ರಾಂಶ ಪ್ರತಿಯೊಂದು ಕೀಲಿಯ ಒತ್ತನ್ನೂ ಹಿಡಿದು ಅಕ್ಷರವಾಗಿಸಬೇಕು. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಹಿಡಿಯುವುದು ಅದೇ ಒತ್ತನ್ನು. ಹೀಗಾಗಿ ಈ ಎರಡು ಆಂಟಿವೈರಸ್‌ಗಳು ನುಡಿಯನ್ನೇ ಕಳ್ಳನೆಂದು ಭಾವಿಸಿಬಿಡುತ್ತವೆಯೇ ಎಂದು ಗಮನಿಸಿದೆ. ಎರಡೂ ನುಡಿಯ ತಂಟೆಗೆ ಹೋಗಲಿಲ್ಲ. ವೇಗದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ.

ನನ್ನ ಮನೆಯಲ್ಲಿ ಈಗ ಡಿಫೆಂಡರ್ ಸದಾ ಕಾಯುತ್ತದೆ, ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿಯಿಂದ ಆಗಾಗ ಸ್ಕ್ಯಾನ್ ನಡೆಯುತ್ತದೆ. ಕಂಡ ಕಂಡ ಕೊಂಡಿಗಳನ್ನೆಲ್ಲ ಒತ್ತುವ ಮಕ್ಕಳೋ ಹಿರಿಯರೋ ಇರುವ ಮನೆಯವರು ಚಂದಾ ಕಟ್ಟುವ ಮೊದಲು ಅದೇ ಕಂಪನಿಯ 'ಬ್ರೌಸರ್ ಗಾರ್ಡ್' ವಿಸ್ತರಣೆಯನ್ನು ಹಾಕಿ ನೋಡಬಹುದು. ಅದು ಕ್ರೋಮ್, ಫೈರ್‌ಫಾಕ್ಸ್ ಎರಡಕ್ಕೂ ಉಚಿತವಾಗಿ ಸಿಗುತ್ತದೆ.